ಕಂಡೆನ್ಸರಿನಿಂದ ರಿಫ್ಲಕ್ಸ್ ಡ್ರಮ್ಮಿಗೆ ಇಳಿಯುವ ಪೈಪು: ಪಂಪಿಲ್ಲದ ದಾರಿಯ ವಿನ್ಯಾಸ

ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡ ಒಂದು ಡಿಸ್ಟಿಲರಿಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಸ್ಪಿರಿಟನ್ನು ಶುದ್ಧಗೊಳಿಸುವ ಎತ್ತರದ ಗೋಪುರದ, ಅಂದರೆ ರೆಕ್ಟಿಫೈಯರ್ ಕಾಲಂನ, ತುದಿಯ ಒತ್ತಡ ಎರಡು ಮೂರು ನಿಮಿಷಕ್ಕೊಮ್ಮೆ ಏರುತ್ತಿತ್ತು, ಇಳಿಯುತ್ತಿತ್ತು. ರಿಫ್ಲಕ್ಸ್ ಡ್ರಮ್ಮಿನ ಮಟ್ಟವೂ ಅದರ ಜೊತೆಗೇ ತೂಗಾಡುತ್ತಿತ್ತು. ಕಾಲಂನ ಆವಿ ದ್ರವವಾಗಿ ಬಂದು ಸೇರುವ ಪಾತ್ರೆ ಅದು; ಅಲ್ಲಿಂದ ಒಂದು ಪಾಲು ರಿಫ್ಲಕ್ಸ್ ಆಗಿ ಕಾಲಂಗೆ ಹಿಂತಿರುಗುತ್ತದೆ, ಉಳಿದದ್ದು ಉತ್ಪನ್ನ. ಕೂಲಿಂಗ್ ಟವರಿನ ನೀರು ಸಾಲದು ಎಂದು ಅಲ್ಲಿನವರು ತೀರ್ಮಾನಿಸಿ, ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರಿನ ಟ್ಯೂಬುಗಳನ್ನು ಎರಡು ಸಲ ತೊಳೆಸಿದ್ದರು. ನಾನು ಮೇಲಿನ ಗ್ರೇಟಿಂಗ್ ಹತ್ತಿ ಅಡ್ಡವಾಗಿ ಮಲಗಿದ್ದ ಕಂಡೆನ್ಸರಿನ ಹೊರಕವಚಕ್ಕೆ, ಅಂದರೆ ಶೆಲ್ಲಿಗೆ, ಬೆರಳ ಬೆನ್ನನ್ನು ಕ್ಷಣಕಾಲ ತಾಗಿಸಿ ನೋಡಿದೆ. ಮೇಲ್ಭಾಗ ಮುಟ್ಟಲಾರದಷ್ಟು ಬಿಸಿ. ಕೆಳಗಿನ ಮೂರನೇ ಒಂದು ಭಾಗ ಮಾತ್ರ ಉಗುರುಬೆಚ್ಚಗೆ. ಅಂದರೆ ಅಷ್ಟು ಎತ್ತರಕ್ಕೆ ಸ್ಪಿರಿಟ್ ನಿಂತಿತ್ತು. ಕೆಳಗಿನ ಟ್ಯೂಬುಗಳೆಲ್ಲ ಮುಳುಗಿ ಆವಿಯನ್ನು ತಣಿಸುವ ಕೆಲಸ ಬಿಟ್ಟಿದ್ದವು. ಕಿವಿಗೊಟ್ಟರೆ ಪೈಪಿನೊಳಗೆ ಗುಳುಗುಳು ಸದ್ದು.

ತಪ್ಪು ನೀರಿನದಲ್ಲ, ಟ್ಯೂಬುಗಳದೂ ಅಲ್ಲ. ಕಂಡೆನ್ಸರಿನಿಂದ ಡ್ರಮ್ಮಿಗೆ ಇಳಿಯುವ ಆ ಒಂದು ಪೈಪಿನದು. ಅದರ ಗಾತ್ರ 3 ಇಂಚು. ಸಾಲದ್ದಕ್ಕೆ ದಾರಿಯಲ್ಲಿ ಸಿಕ್ಕಿದ ಕೇಬಲ್ ಟ್ರೇ ತಪ್ಪಿಸಲು ಅದನ್ನು ಒಂದು ಕಡೆ ಮೇಲಕ್ಕೆತ್ತಿ ಮತ್ತೆ ಕೆಳಗಿಳಿಸಿದ್ದರು.

ಇಡೀ ಘಟಕದಲ್ಲಿ ಎಲ್ಲರೂ ಲಘುವಾಗಿ ಕಾಣುವ ಪೈಪು ಇದು. ಉದ್ದ ಹತ್ತು ಮೀಟರಿನೊಳಗೆ, ಒಳಗೆ ಶುದ್ಧ ದ್ರವ, ಒತ್ತಡವೂ ಕಡಿಮೆ. ಆದರೆ ಇಲ್ಲಿ ದ್ರವವನ್ನು ತಳ್ಳಲು ಪಂಪಿಲ್ಲ. ಇಳಿಯುವ ಎತ್ತರವೊಂದೇ ಅದರ ಬಲ. ಜೊತೆಗೆ ಆ ದ್ರವ ಕುದಿಯುವ ಬಿಂದುವಿನ ಅಂಚಿನಲ್ಲಿರುತ್ತದೆ, ಪಕ್ಕದಲ್ಲಿ ಆವಿಯೂ ಇರುತ್ತದೆ. ಪಂಪಿನ ಡಿಸ್ಚಾರ್ಜ್ ಲೈನಿಗೆ ಹಾಕುವ ಲೆಕ್ಕವನ್ನು ಇದಕ್ಕೆ ಹಾಕಿದರೆ ಸೋಲು ಖಚಿತ. ಈ ಪೈಪಿನ ವಿನ್ಯಾಸವನ್ನು ನಾನು ಯಾವ ಕ್ರಮದಲ್ಲಿ ಮಾಡುತ್ತೇನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅದೇ ಡಿಸ್ಟಿಲರಿಯ ಅಂಕಿಗಳನ್ನು ಇಟ್ಟುಕೊಳ್ಳೋಣ: ರಿಫ್ಲಕ್ಸ್ ಮತ್ತು ಉತ್ಪನ್ನ ಸೇರಿ ಗಂಟೆಗೆ 12 ಘನ ಮೀಟರ್ ಸ್ಪಿರಿಟ್, ಉಷ್ಣತೆ 78 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸಾಂದ್ರತೆ ಘನ ಮೀಟರಿಗೆ ಸುಮಾರು 750 ಕಿಲೋಗ್ರಾಂ.

ಮೊದಲು: ಪೈಪಿನಲ್ಲಿ ಹರಿಯುವುದು ಏನು?

ಪೆನ್ಸಿಲ್ ಹಿಡಿಯುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಮೂರು ಸಾಧ್ಯತೆಗಳಿವೆ.

ಆವಿಯೆಲ್ಲ ದ್ರವವಾಗಿ ತನ್ನಷ್ಟಕ್ಕೆ ಜಾರಿ ಡ್ರಮ್ಮಿಗೆ ಬೀಳುವುದು ಒಂದು. ಇಲ್ಲಿ ಪೈಪು ಪೂರ್ತಿ ತುಂಬಿರುವುದಿಲ್ಲ. ದ್ರವ ಗೋಡೆಗಂಟಿ ಇಳಿಯುತ್ತದೆ, ನಡುವೆ ಆವಿಗೆ ಓಡಾಡಲು ಜಾಗವಿರುತ್ತದೆ. ಎರಡನೆಯದು ಭಾಗಶಃ ಕಂಡೆನ್ಸರ್. ಆವಿ ಮತ್ತು ದ್ರವ ಎರಡೂ ಒಟ್ಟಿಗೆ ಡ್ರಮ್ಮಿಗೆ ಬಂದು ಅಲ್ಲಿ ಬೇರೆಯಾಗುತ್ತವೆ. ಮೂರನೆಯದರಲ್ಲಿ ಕಾಲಂನ ಒತ್ತಡವನ್ನು ಹಿಡಿದಿಡಲು ಬೇಕೆಂದೇ ಕಂಡೆನ್ಸರಿನಲ್ಲಿ ದ್ರವವನ್ನು ನಿಲ್ಲಿಸುತ್ತೇವೆ. ಆಗ ಪೈಪು ತುಂಬಿ ಹರಿಯುತ್ತದೆ, ದ್ರವವೂ ಕುದಿಬಿಂದುವಿಗಿಂತ ತಣ್ಣಗಿರುತ್ತದೆ.

ಒಂದಕ್ಕೆ ಒಪ್ಪುವ ಪೈಪು ಇನ್ನೊಂದಕ್ಕೆ ಒಪ್ಪುವುದಿಲ್ಲ. ಪೈಪು ಮತ್ತು ಉಪಕರಣಗಳನ್ನು ತೋರಿಸುವ ಪಿ ಆಂಡ್ ಐಡಿ ನಕಾಶೆಯಲ್ಲಿ ಮೂರೂ ಒಂದೇ ಗೆರೆಯಾಗಿ ಕಾಣುವುದರಿಂದ ಪೈಪಿಂಗ್ ತಂಡಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಆ ಗೆರೆಯ ಪಕ್ಕದಲ್ಲಿಯೇ ‘ತಾನಾಗಿ ಇಳಿಯುವ ಲೈನು, ಎಲ್ಲೂ ದ್ರವ ನಿಲ್ಲಬಾರದು’ ಎಂದೋ ‘ಸದಾ ತುಂಬಿರುವ ಲೈನು’ ಎಂದೋ ಟಿಪ್ಪಣಿ ಬರೆಯಿರಿ. ನಾನು ಹೋಗಿದ್ದ ಡಿಸ್ಟಿಲರಿಯ ನಕಾಶೆಯಲ್ಲಿ ಅಂಥ ಒಂದು ಸಾಲಿದ್ದಿದ್ದರೆ ಆ ಕೇಬಲ್ ಟ್ರೇಯೇ ಪಕ್ಕಕ್ಕೆ ಸರಿಯುತ್ತಿತ್ತು.

ಗಾತ್ರ ನಿರ್ಧರಿಸುವುದು

20 ಲೀಟರಿನ ನೀರಿನ ಕ್ಯಾನನ್ನು ತಲೆಕೆಳಗು ಮಾಡಿದಾಗ ಏನಾಗುತ್ತದೆಂದು ನೆನಪಿಸಿಕೊಳ್ಳಿ. ನೀರು ಒಂದೇ ಧಾರೆಯಾಗಿ ಇಳಿಯುವುದಿಲ್ಲ. ಒಂದು ಗುಟುಕು ನೀರು ಕೆಳಗೆ, ಒಂದು ಗುಳ್ಳೆ ಗಾಳಿ ಮೇಲೆ. ಕಿರಿದಾದ ಕತ್ತಿನಲ್ಲಿ ಎರಡಕ್ಕೂ ಒಂದೇ ದಾರಿ. ಅದೇ ನೀರನ್ನು ಬಕೆಟಿನಿಂದ ಸುರಿದರೆ ಸದ್ದಿಲ್ಲದೆ ಬೀಳುತ್ತದೆ. ನಮ್ಮ ಪೈಪು ಬಕೆಟಿನಂತೆ ವರ್ತಿಸಬೇಕು, ಕ್ಯಾನಿನಂತೆ ಅಲ್ಲ.

ಇದನ್ನು ಅಳೆಯಲು ಫ್ರೌಡ್ ಸಂಖ್ಯೆ ಇದೆ. ದ್ರವದ ವೇಗವನ್ನು, ಗುರುತ್ವ ವೇಗೋತ್ಕರ್ಷ ಮತ್ತು ಪೈಪಿನ ಒಳವ್ಯಾಸದ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಸಂಖ್ಯೆ 0.3ಕ್ಕಿಂತ ಕಡಿಮೆಯಿದ್ದರೆ ಸಿಕ್ಕಿಕೊಂಡ ಆವಿ ಇಳಿಯುವ ದ್ರವಕ್ಕೆ ಎದುರಾಗಿ ಮೇಲೇರಿ ಹೊರಟುಹೋಗುತ್ತದೆ. 0.3ರಿಂದ 1ರ ನಡುವೆ ಗುಳುಗುಳು ಶುರು. ಅದನ್ನೂ ದಾಟಿದರೆ ದ್ರವ ಆವಿಯನ್ನು ತನ್ನ ಜೊತೆಗೇ ಎಳೆದೊಯ್ಯುತ್ತದೆ. 0.3 ಎಂಬ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸುಲಭದ ಸೂತ್ರವೊಂದು ಸಿಗುತ್ತದೆ: ಒಳವ್ಯಾಸ (ಮೀಟರ್) = 1.13 × ಹರಿವಿನ (ಸೆಕೆಂಡಿಗೆ ಘನ ಮೀಟರ್) 0.4ನೇ ಘಾತ. ಸೂತ್ರದಲ್ಲಿ ಸಾಂದ್ರತೆ ಇಲ್ಲದಿರುವುದನ್ನು ಗಮನಿಸಿ. ಅದರಿಂದ ಆಗುವ ಉಪಕಾರವನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಉದಾಹರಣೆಯ 12 ಘನ ಮೀಟರ್ ಅಂದರೆ ಸೆಕೆಂಡಿಗೆ 3.33 ಲೀಟರ್. ಸೂತ್ರದ ಪ್ರಕಾರ ಬೇಕಾದ ಒಳವ್ಯಾಸ 115 ಮಿಲಿಮೀಟರ್. ಅಲ್ಲಿದ್ದ 3 ಇಂಚಿನ ಶೆಡ್ಯೂಲ್ 10ಎಸ್ (ತೆಳು ಗೋಡೆಯ) ಸ್ಟೇನ್‌ಲೆಸ್ ಪೈಪಿನ ಒಳವ್ಯಾಸ 82.8 ಮಿಲಿಮೀಟರ್. ಅದರಲ್ಲಿ ವೇಗ ಸೆಕೆಂಡಿಗೆ 0.62 ಮೀಟರ್. ಸಾಮಾನ್ಯ ದ್ರವದ ಲೈನಿಗೆ ಇದು ನಿಧಾನವೇ, ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಫ್ರೌಡ್ ಸಂಖ್ಯೆ 0.69. 4 ಇಂಚಿನ ಪೈಪಿಗೆ 0.35, ಗಡಿಯ ಸ್ವಲ್ಪ ಆಚೆ. ನಾನು ಬರೆದುಕೊಟ್ಟದ್ದು 6 ಇಂಚು. ಇಷ್ಟು ಸಣ್ಣ ಹರಿವಿಗೆ 6 ಇಂಚೇ ಎಂದು ಖರೀದಿ ವಿಭಾಗದವರು ಬೆರಗಾದರು. ಹತ್ತು ಮೀಟರ್ ಪೈಪಿನ ಬೆಲೆ ಹೆಚ್ಚೋ, ತೂಗಾಡುವ ಕಾಲಂನಿಂದ ಗುಣಮಟ್ಟ ಕೆಟ್ಟ ಸ್ಪಿರಿಟಿನ ಬೆಲೆ ಹೆಚ್ಚೋ ಎಂದು ಕೂಡಿಸಿ ನೋಡಿದ ಮೇಲೆ ಒಪ್ಪಿದರು.

ಗಾತ್ರ ಮೊದಲಾಗುವುದು ಪೈಪಿನಲ್ಲಲ್ಲ, ಕಂಡೆನ್ಸರಿನ ಹೊರಬಾಯಿಯಾದ ನಾಝಲ್‌ನಲ್ಲಿ. ಅದು 3 ಇಂಚಿದ್ದು ಅದರ ಕೆಳಗೆ 6 ಇಂಚಿನ ಪೈಪು ಹಾಕಿದರೆ ಬಕೆಟಿಗೆ ಕ್ಯಾನಿನ ಕತ್ತು ಜೋಡಿಸಿದಂತೆ. ಕಂಡೆನ್ಸರ್ ತಯಾರಕರು ನಾಝಲ್ಲನ್ನು ತಮ್ಮ ಲೆಕ್ಕದಿಂದ ನಿರ್ಧರಿಸುತ್ತಾರೆ. ಆ ಲೆಕ್ಕ ಬಹುಮಟ್ಟಿಗೆ ಸವೆತ ಮತ್ತು ಒತ್ತಡ ನಷ್ಟವನ್ನು ನೋಡುತ್ತದೆ, ಆವಿ ಹಿಂತಿರುಗುವುದನ್ನು ನೋಡುವುದಿಲ್ಲ. ಆದ್ದರಿಂದ ಬೇಕಾದ ಗಾತ್ರವನ್ನು ಡೇಟಾಶೀಟಿನಲ್ಲಿಯೇ ಬರೆದು ಕಳುಹಿಸಿ. ಕಂಡೆನ್ಸರ್ ಬಂದು ಕೂತ ಮೇಲೆ ಶೆಲ್ ಕತ್ತರಿಸಿ ದೊಡ್ಡ ನಾಝಲ್ ಬೆಸುಗೆ ಹಾಕಿ ಮತ್ತೆ ಹೈಡ್ರೋಟೆಸ್ಟ್ ಮಾಡಿಸುವ ಕಷ್ಟ ಯಾರಿಗೂ ಬೇಡ. ನಾವು ಅಲ್ಲಿ ಮಾಡಿಸಬೇಕಾಯಿತು.

ಪೈಪನ್ನು ಮುಂದೆಲ್ಲಾದರೂ ಕಿರಿದು ಮಾಡಲೇಬೇಕಿದ್ದರೆ ದ್ರವವು ನೆಟ್ಟಗೆ ಒಂದಷ್ಟು ಇಳಿದು ಆವಿಯನ್ನು ಮೇಲಕ್ಕೆ ಬಿಟ್ಟುಕೊಟ್ಟ ನಂತರ, ಮುಂದಿನ ಭಾಗ ತುಂಬಿ ಹರಿಯುವಷ್ಟು ಎತ್ತರ ಉಳಿದಿದ್ದರೆ ಮಾತ್ರ ಮಾಡಿ.

ಎತ್ತರದ ಲೆಕ್ಕ ಮತ್ತು ಸಮತೋಲನ ಪೈಪು

ಡ್ರಮ್ಮಿನ ಮೇಲ್ಭಾಗದಿಂದ ಕಂಡೆನ್ಸರಿಗೆ ಬರುವ ಆವಿ ಪೈಪಿಗೆ ಒಂದು ಸಣ್ಣ ಸಮತೋಲನ ಪೈಪನ್ನು ಜೋಡಿಸುವ ರೂಢಿಯಿದೆ. ಡ್ರಮ್ಮಿನ ಮಟ್ಟ ಇಳಿದಾಗ ಆ ಜಾಗಕ್ಕೆ ಆವಿ ಬರಬೇಕಲ್ಲ, ಅದಕ್ಕಾಗಿ. ನಮ್ಮ ಹರಿವಿಗೆ 2 ಇಂಚು ಸಾಕು. ಡ್ರಮ್ಮಿನೊಳಗೆ ದ್ರವವೇ ಬಾರದೆ ಹೊರಗೆ ಮಾತ್ರ ಗಂಟೆಗೆ 12 ಘನ ಮೀಟರ್ ಹೋದರೂ ಆ ಪೈಪಿನಲ್ಲಿ ಆವಿಯ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಅಷ್ಟೇ.

ಆದರೆ ಆ ಪೈಪು ಬಂದ ಕ್ಷಣ ಲೆಕ್ಕವೇ ಬದಲಾಗುತ್ತದೆ. ಎಷ್ಟೋ ವಿನ್ಯಾಸಗಳು ಎಡವುವುದು ಇಲ್ಲಿಯೇ. ಕಂಡೆನ್ಸರಿನೊಳಗೆ ಆವಿ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ, 0.05 ಬಾರ್ ಎಂದುಕೊಳ್ಳಿ. ಸಮತೋಲನ ಪೈಪಿನಿಂದಾಗಿ ಡ್ರಮ್ಮಿನ ಒತ್ತಡ ಕಂಡೆನ್ಸರಿನ ಒಳಬಾಯಿಯ ಒತ್ತಡಕ್ಕೆ ಸಮವಾಯಿತು. ಅಂದರೆ ಕಂಡೆನ್ಸರಿನ ಹೊರಬಾಯಿಗಿಂತ ಡ್ರಮ್ಮಿನಲ್ಲಿ 0.05 ಬಾರ್ ಹೆಚ್ಚು. ದ್ರವ ಕಡಿಮೆ ಒತ್ತಡದ ಕಡೆಯಿಂದ ಹೆಚ್ಚಿನ ಒತ್ತಡದ ಕಡೆಗೆ ಹೋಗಬೇಕು. ಎತ್ತರದ ಬಲವಿಲ್ಲದೆ ಅದು ಹೋಗುವುದಿಲ್ಲ. 0.05 ಬಾರ್ ಅಂದರೆ ಸ್ಪಿರಿಟಿನಲ್ಲಿ 0.68 ಮೀಟರ್ ಎತ್ತರ. ಪೈಪಿನ ಘರ್ಷಣೆ, ಎಲ್ಬೋಗಳು, ಡ್ರಮ್ಮಿನ ಪ್ರವೇಶ ಇವೆಲ್ಲ ಸೇರಿ ಇನ್ನಷ್ಟು. ಟ್ಯೂಬು ಮಾಸಿದಾಗ, ಉತ್ಪಾದನೆ ಏರಿಸಿದಾಗ ಈ ಅಂಕಿ ಬೆಳೆಯುತ್ತದೆ. ನಾನಾದರೆ ಡ್ರಮ್ಮಿನ ಗರಿಷ್ಠ ಮಟ್ಟದಿಂದ ಕಂಡೆನ್ಸರ್ ನಾಝಲ್ಲಿಗೆ ಒಂದೂವರೆ ಮೀಟರಿಗಿಂತ ಕಡಿಮೆ ಕೊಡುವುದಿಲ್ಲ. ಗರಿಷ್ಠ ಮಟ್ಟ ಎಂಬ ಮಾತನ್ನು ಮರೆಯಬೇಡಿ. ಡ್ರಮ್ಮಿನ ನಡುಗೆರೆಯಿಂದ ಅಳೆದು ಮೋಸಹೋದವರಿದ್ದಾರೆ.

ಇನ್ನೊಂದು ಅಪಾಯವೂ ಇದೆ. ದ್ರವದ ಪೈಪು ಡ್ರಮ್ಮಿನ ಆವಿಯ ಭಾಗಕ್ಕೆ ತೆರೆದುಕೊಂಡಿದ್ದರೆ, ಬಿಸಿ ಆವಿ ಸಮತೋಲನ ಪೈಪಿನಿಂದ ಡ್ರಮ್ಮಿಗೆ ಇಳಿದು, ಅಲ್ಲಿಂದ ದ್ರವದ ಪೈಪನ್ನೇ ಹಿಡಿದು ಮೇಲೇರಿ ಕಂಡೆನ್ಸರಿನ ಹಿಂಬಾಗಿಲಿಗೆ ಬರುತ್ತದೆ. ಇಳಿಯಬೇಕಾದ ದ್ರವಕ್ಕೆ ಎದುರುನಿಲ್ಲುತ್ತದೆ. ಹೀಗಾಗಿ ಸಮತೋಲನ ಪೈಪು ಇದ್ದಲ್ಲಿ ಆವಿಯನ್ನು ತಡೆಯುವ ದ್ರವದ ಸೀಲ್ ಇರಲೇಬೇಕು. ಪೈಪಿನ ತುದಿಯನ್ನು ಡ್ರಮ್ಮಿನ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಮುಳುಗಿಸಬಹುದು. ಅಥವಾ ಹೊರಗೆ ಯು ಆಕಾರದ ಬಾಗು ಕೊಡಬಹುದು. ಯು ಬಾಗಿನ ಆಳ ಅತಿ ಹೆಚ್ಚಿನ ಒತ್ತಡ ವ್ಯತ್ಯಾಸಕ್ಕಿಂತ ಹೆಚ್ಚಿರಲಿ, ತಳದಲ್ಲಿ ಡ್ರೈನ್ ವಾಲ್ವ್ ಇರಲಿ. ಘಟಕ ನಿಲ್ಲಿಸಿ ಬೆಸುಗೆ ಕೆಲಸಕ್ಕೆ ಇಳಿಯುವ ದಿನ ಆ ಬಾಗಿನಲ್ಲಿ ಉಳಿದ ಸ್ಪಿರಿಟ್ ಜೀವಕ್ಕೇ ಎರವಾದೀತು.

ಸಮತೋಲನ ಪೈಪು ಇಲ್ಲದೆ, ದ್ರವದ ಪೈಪೇ ಸಾಕಷ್ಟು ದೊಡ್ಡದಾಗಿ ಡ್ರಮ್ಮಿನ ಆವಿಯ ಭಾಗಕ್ಕೆ ತೆರೆದಿದ್ದರೆ ಆ ಪೈಪೇ ಎರಡೂ ಕಡೆಯ ಒತ್ತಡವನ್ನು ಸರಿದೂಗಿಸುತ್ತದೆ. ಸಣ್ಣ ಘಟಕಗಳಿಗೆ ನನ್ನ ಆಯ್ಕೆ ಇದೇ. ಕೆಡುವುದಕ್ಕೆ ಅಲ್ಲಿ ಏನೂ ಇಲ್ಲ.

ಎತ್ತರದ ಲೆಕ್ಕವನ್ನು ಕೆಳಗಿನಿಂದ ಕಟ್ಟುತ್ತಾ ಬನ್ನಿ. ಡ್ರಮ್ಮಿನ ದ್ರವ ಕುದಿಬಿಂದುವಿನಲ್ಲಿರುವುದರಿಂದ ರಿಫ್ಲಕ್ಸ್ ಪಂಪಿಗೆ ಸಿಗುವ ಎನ್‌ಪಿಎಸ್‌ಎಚ್ (ಪಂಪಿನ ಒಳಬಾಯಿಯಲ್ಲಿ ದ್ರವ ಕುದಿಯದಂತೆ ತಡೆಯುವ ಹೆಚ್ಚುವರಿ ಒತ್ತಡ) ಬಹುತೇಕ ಎತ್ತರದಿಂದಲೇ ಬರಬೇಕು. ಪಂಪು ಕೇಳುವಷ್ಟನ್ನು ಕೊಟ್ಟು ಡ್ರಮ್ಮನ್ನು ಕೂರಿಸಿ, ಅದರ ಮೇಲೆ ಈಗ ಹೇಳಿದ ಎತ್ತರ ಬಿಟ್ಟು ಕಂಡೆನ್ಸರನ್ನು ಕೂರಿಸಿ. ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕುತ್ತಾ ಬಂದವರು ಕೊನೆಗೆ ಪಂಪಿಗೆ ಗುಂಡಿ ತೋಡುತ್ತಾರೆ.

ದಾರಿ ಹಾಕುವಾಗ

ನೆಟ್ಟಗೆ ಕೆಳಗಿಳಿದಷ್ಟೂ ಒಳ್ಳೆಯದು. ಅಡ್ಡ ಓಟ ಅನಿವಾರ್ಯವಾದರೆ ಡ್ರಮ್ಮಿನ ಕಡೆಗೆ ಇಳಿಜಾರು ಕೊಡಿ. ಮೀಟರಿಗೆ 10 ಮಿಲಿಮೀಟರ್ ತೀರಾ ಕನಿಷ್ಠ, ನಾನು 20 ಕೇಳುತ್ತೇನೆ. ಏಕೆಂದರೆ ನಕಾಶೆಯ ಇಳಿಜಾರು ಕಟ್ಟಿದ ಮೇಲೆ ಹಾಗೆಯೇ ಉಳಿಯುವುದಿಲ್ಲ. ಎರಡು ಆಧಾರಗಳ ನಡುವೆ ಪೈಪು ಜೋಲುತ್ತದೆ. ಕಾಲಂ ಬಿಸಿಯಾಗಿ ಮೇಲಕ್ಕೆ ಬೆಳೆಯುತ್ತದೆ. 20 ಮೀಟರಿನ ಸ್ಟೇನ್‌ಲೆಸ್ ಕಾಲಂ 50 ಡಿಗ್ರಿ ಬಿಸಿಯಾದರೆ ಸುಮಾರು 16 ಮಿಲಿಮೀಟರ್ ಉದ್ದವಾಗುತ್ತದೆ. ಕಂಡೆನ್ಸರನ್ನು ಕಾಲಂಗೇ ಆನಿಸಿ ಡ್ರಮ್ಮನ್ನು ಬೇರೆ ಕಟ್ಟಡದಲ್ಲಿಟ್ಟಿದ್ದರೆ ಆ ಬೆಳವಣಿಗೆಯನ್ನು ಈ ಪೈಪೇ ನುಂಗಬೇಕು.

ದಾರಿಯಲ್ಲಿ ಗಾತ್ರ ಕಿರಿದು ಮಾಡುವ ರೆಡ್ಯೂಸರ್ ಬಂದರೆ, ಒಂದು ಬದಿ ಸಮತಟ್ಟಾಗಿರುವ ಎಕ್ಸೆಂಟ್ರಿಕ್ ಬಗೆಯದನ್ನು ಆ ಬದಿ ಕೆಳಗಿರುವಂತೆ ಹಾಕಿ. ಮೇಲಿಟ್ಟರೆ ತಳದಲ್ಲಿ ದ್ರವ ನಿಲ್ಲುತ್ತದೆ. ಪಂಪಿನ ಸಕ್ಷನ್‌ನಲ್ಲಿ ಸಮತಟ್ಟು ಬದಿಯನ್ನು ಸಾಮಾನ್ಯವಾಗಿ ಮೇಲಿಡುವ ಅಭ್ಯಾಸವಿರುವುದರಿಂದ ಫಿಟ್ಟರುಗಳು ಇಲ್ಲಿಯೂ ಹಾಗೆಯೇ ಇಟ್ಟುಬಿಡುತ್ತಾರೆ, ಪೈಪಿನ ಐಸೊಮೆಟ್ರಿಕ್ ನಕಾಶೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಗ್ಲೋಬ್ ವಾಲ್ವ್, ಚೆಕ್ ವಾಲ್ವ್ ಇಲ್ಲಿ ಬೇಡವೇ ಬೇಡ. ಮುಚ್ಚುವ ವಾಲ್ವ್‌ಗೂ ನಾನು ವಿರೋಧಿ. ಯಾರೋ ಅದನ್ನು ಮುಚ್ಚಿ ಮರೆತರೆ ಕಂಡೆನ್ಸರ್ ತುಂಬುತ್ತದೆ, ತಣಿಸುವ ಶಕ್ತಿ ಹೋಗುತ್ತದೆ, ಕಾಲಂನ ಒತ್ತಡ ಸೇಫ್ಟಿ ವಾಲ್ವ್ ತೆರೆಯುವವರೆಗೆ ಏರುತ್ತದೆ. ಇರಲೇಬೇಕೆಂದರೆ ಪೂರ್ಣ ಬಾಯಿಯದಿರಲಿ, ತೆರೆದ ಸ್ಥಿತಿಯಲ್ಲಿ ಬೀಗ ಬೀಳಲಿ.

ದ್ರವವಾಗದ ಅನಿಲಗಳಿಗೂ ದಾರಿ ಬೇಕು. ಸೋರಿಕೆಯಿಂದ ಬಂದ ಗಾಳಿ, ಹುದುಗಿದ ದ್ರವದಲ್ಲಿ ಕರಗಿ ಬಂದ ಇಂಗಾಲದ ಡೈಆಕ್ಸೈಡ್ ಇವೆಲ್ಲ ಆವಿಯ ಪಯಣ ಮುಗಿಯುವ ತುದಿಯಲ್ಲಿ ಸೇರುತ್ತವೆ. ವೆಂಟ್ ಇರಬೇಕಾದ್ದು ಅಲ್ಲಿ, ಆವಿ ಒಳಬರುವ ಬಾಯಿಯ ಪಕ್ಕದಲ್ಲಲ್ಲ.

ಡ್ರಮ್ಮಿನೊಳಗೆ

ಸ್ಪಿರಿಟಿಗೆ ಮೇಲಿನಿಂದ ಪ್ರವೇಶ ಕೊಟ್ಟರೂ ನಡೆಯುತ್ತದೆ. ಹೆಕ್ಸೇನ್, ಟೊಲ್ಯೂಯಿನ್‌ನಂಥ ವಿದ್ಯುತ್ ಹರಿಸದ ದ್ರವಗಳು ಎತ್ತರದಿಂದ ಸಿಡಿಯುತ್ತಾ ಬಿದ್ದರೆ ಸ್ಥಿರವಿದ್ಯುತ್ ಕೂಡುತ್ತದೆ. ಅವುಗಳಿಗೆ ಮುಳುಗು ಪೈಪೇ ಸರಿ. ಮುಳುಗು ಪೈಪಿನ ಮೇಲ್ಭಾಗದಲ್ಲಿ, ಆವಿಯ ಜಾಗದಲ್ಲಿ, 6 ಮಿಲಿಮೀಟರಿನ ಒಂದು ರಂಧ್ರ ಕೊರೆಸಿ. ಇಲ್ಲದಿದ್ದರೆ ಘಟಕ ನಿಂತಾಗ ಡ್ರಮ್ಮಿನ ದ್ರವ ಸೈಫನ್ ಆಗಿ ಹಿಂದಕ್ಕೆ ಹೋಗಬಹುದು. ಪ್ರವೇಶದ ಬಾಯಿ ಪಂಪಿನ ಸಕ್ಷನ್ ನಾಝಲ್ಲಿನಿಂದ ದೂರವಿರಲಿ, ಆ ನಾಝಲ್ಲಿಗೆ ಸುಳಿ ತಡೆಯುವ ಪಟ್ಟಿ ಇರಲಿ.

ಭಾಗಶಃ ಕಂಡೆನ್ಸರ್ ಆಗಿದ್ದರೆ ಮಾತ್ರ ಪ್ರವೇಶ ದ್ರವದ ಮಟ್ಟಕ್ಕಿಂತ ಮೇಲಿರಬೇಕು. ಆವಿ ಹೊರಹೋಗುವ ಬಾಯಿ ಡ್ರಮ್ಮಿನ ಇನ್ನೊಂದು ತುದಿಯಲ್ಲಿರಬೇಕು.

ಕಂಡೆನ್ಸರ್ ಡ್ರಮ್ಮಿಗಿಂತ ಕೆಳಗಿದ್ದರೆ

ಪೆಟ್ರೋಲಿಯಂ ರಿಫೈನರಿಗಳಲ್ಲಿ ಭಾರದ ಕಂಡೆನ್ಸರನ್ನು ನೆಲದ ಹತ್ತಿರ ಇಟ್ಟು ಡ್ರಮ್ಮನ್ನು ಮೇಲಿಡುವುದುಂಟು. ಬಿಸಿ ಆವಿಯ ಒಂದು ಪಾಲು ಕಂಡೆನ್ಸರನ್ನು ಬಳಸದೆ ವಾಲ್ವ್ ಮೂಲಕ ನೇರ ಡ್ರಮ್ಮಿನ ತಲೆಗೆ ಹೋಗುತ್ತದೆ. ಕಾಲಂ ಮತ್ತು ಡ್ರಮ್ಮಿನ ಒತ್ತಡ ವ್ಯತ್ಯಾಸ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಈ ಏರ್ಪಾಟು ನಿಂತಿರುವುದು ಡ್ರಮ್ಮಿನ ದ್ರವದ ಮೇಲ್ಮೈಯ ತೆಳುವಾದ ಬಿಸಿ ಪದರದ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದಂತೆ. ಆ ಕೆನೆ ಒಡೆಯಬಾರದು. ಕಂಡೆನ್ಸರಿನಿಂದ ಬಂದ ತಣ್ಣನೆಯ ದ್ರವ ಆವಿಯ ಭಾಗದಲ್ಲಿ ಬಿದ್ದರೆ ಆವಿ ಕ್ಷಣದಲ್ಲಿ ಕುಸಿದು ಒತ್ತಡ ಪಾತಾಳಕ್ಕಿಳಿಯುತ್ತದೆ. ಆದ್ದರಿಂದ ಇಲ್ಲಿ ದ್ರವ ಡ್ರಮ್ಮಿನ ತಳದಿಂದ, ನಿಧಾನವಾಗಿ, ಮೇಲ್ಮೈ ಕದಡದಂತೆ ಒಳಬರಬೇಕು. ಮೇಲಿನಿಂದ ಇಳಿಸಿದ ಮುಳುಗು ಪೈಪು, ಅದಕ್ಕೊಂದು ಸೈಫನ್ ರಂಧ್ರ ಇಲ್ಲಿ ಹಾಕಬೇಡಿ. ಆ ರಂಧ್ರದಿಂದ ಚಿಮ್ಮುವ ತಣ್ಣನೆಯ ದ್ರವವೇ ಸಾಕು ತೊಂದರೆ ಕೊಡಲು.

ನಿರ್ವಾತದಲ್ಲಿ

ಕಾಲಂಗಳು ಬೇರೆ ಬೇರೆ ಒತ್ತಡದಲ್ಲಿ ನಡೆಯುವ ಮಲ್ಟಿಪ್ರೆಶರ್ ಡಿಸ್ಟಿಲರಿಗಳಲ್ಲಿ, ಹುದುಗಿದ ದ್ರವದಿಂದ ಮೊದಲು ಸ್ಪಿರಿಟ್ ಬೇರೆಮಾಡುವ ಅನಲೈಸರ್ ಕಾಲಂ ನಿರ್ವಾತದಲ್ಲಿ ನಡೆಯುತ್ತದೆ. ಅದರ ಕಂಡೆನ್ಸರಿನ ದ್ರವವನ್ನು ವಾತಾವರಣಕ್ಕೆ ತೆರೆದ ಸೀಲ್ ಪಾಟಿಗೆ (ಪೈಪಿನ ತುದಿ ದ್ರವದಲ್ಲಿ ಮುಳುಗಿರುವ ಪಾತ್ರೆಗೆ) ಇಳಿಸುವುದಾದರೆ ಪೂರ್ಣ ನಿರ್ವಾತಕ್ಕೆ ನೀರಾದರೆ 10.3 ಮೀಟರ್, ಸ್ಪಿರಿಟಾದರೆ 13ರಿಂದ 14 ಮೀಟರ್ ಎತ್ತರ ಬೇಕು. ನೀರಿನ ಅಂಕಿಯನ್ನೇ ಸ್ಪಿರಿಟಿಗೂ ಹಿಡಿದು ಕಟ್ಟಿದರೆ ದ್ರವ ಕಂಡೆನ್ಸರಿನೊಳಗೇ ನಿಲ್ಲುತ್ತದೆ. ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.91 ಬಾರ್ ಇರುವುದರಿಂದ ನೀರಿಗೆ 9.3 ಮೀಟರ್ ಸಾಕಾಗುತ್ತದೆ. ಆದರೂ ಒಂದು ಮೀಟರ್ ಉಳಿಸುವ ಆಸೆಗೆ ನಾನು ಬೀಳುವುದಿಲ್ಲ. ಈ ಪೈಪಿನಲ್ಲಿ ಅಡ್ಡ ಓಟ ಕೂಡದು. ತಿರುಗಿಸಲೇಬೇಕಾದರೆ 45 ಡಿಗ್ರಿಯಲ್ಲಿ ಓರೆಯಾಗಿ ಇಳಿಸಿ.

ಎರಡು ಕಂಡೆನ್ಸರ್ ಜೋಡಿಯಾಗಿದ್ದರೆ

ಎರಡರ ದ್ರವವನ್ನೂ ನಾಝಲ್ಲಿನ ಬುಡದಲ್ಲಿಯೇ ಒಂದು ಹೆಡರಿಗೆ (ಕೂಡುಪೈಪಿಗೆ) ಸೇರಿಸುವುದು ದೊಡ್ಡ ತಪ್ಪು. ಒಂದಕ್ಕೆ ತಣ್ಣನೆಯ ನೀರು ಹೆಚ್ಚು ಸಿಕ್ಕಿತೆನ್ನಿ. ಅದು ಹೆಚ್ಚು ಆವಿ ಎಳೆಯುತ್ತದೆ, ಒತ್ತಡ ಹೆಚ್ಚು ಕಳೆಯುತ್ತದೆ, ಅದರ ಹೊರಬಾಯಿಯ ಒತ್ತಡ ಇನ್ನೊಂದಕ್ಕಿಂತ ತಗ್ಗುತ್ತದೆ. ದ್ರವ ಅದರೊಳಗೇ ಹಿಂದೆ ನಿಲ್ಲುತ್ತದೆ. ಚೆನ್ನಾಗಿ ದುಡಿಯುವ ಕಂಡೆನ್ಸರೇ ಮುಳುಗುತ್ತದೆ. ಪ್ರತಿಯೊಂದಕ್ಕೂ ತನ್ನದೇ ಕಾಲು ಕೊಟ್ಟು ನೆಟ್ಟಗೆ ಇಳಿಸಿ, ಪ್ರತಿ ಕಾಲಿಗೂ ಸೀಲ್ ಕೊಟ್ಟು, ಕೆಳಗೆ ಸೇರಿಸಿ. ಒಂದು ಕಂಡೆನ್ಸರಿನ ಪೂರ್ಣ ಒತ್ತಡ ನಷ್ಟಕ್ಕೆ ಸಮನಾದ ದ್ರವದ ಎತ್ತರ ಆ ಕಾಲಿನಲ್ಲಿ ನಿಲ್ಲಲು ಜಾಗವಿದ್ದರೆ ವ್ಯತ್ಯಾಸಗಳೆಲ್ಲ ಅಲ್ಲಿಯೇ ಸರಿಹೋಗುತ್ತವೆ. ಒಳಬರುವ ಆವಿ ಪೈಪಿನ ಎರಡು ಕವಲುಗಳು ಒಂದೇ ಅಳತೆಯವಿರಲಿ.

ಚಾಲೂ ಮಾಡುವ ಮುನ್ನ

ಸೂತ್ರದಲ್ಲಿ ಸಾಂದ್ರತೆ ಇಲ್ಲ ಎಂದೆನಲ್ಲ. ಹಾಗಾಗಿ ಸ್ಪಿರಿಟ್ ಬರುವ ಮುನ್ನವೇ ನೀರಿನಿಂದ ಪರೀಕ್ಷಿಸಬಹುದು. ಕಂಡೆನ್ಸರಿನ ಶೆಲ್ಲಿಗೆ ಗಂಟೆಗೆ 12 ಘನ ಮೀಟರ್ ನೀರು ಬಿಟ್ಟು ಪೈಪಿನ ಪಕ್ಕ ನಿಲ್ಲಿ. ನೀರು ಸ್ಪಿರಿಟಿಗಿಂತ ಭಾರ, ಆಧಾರಗಳು ಅದನ್ನು ಹೊರುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗಿಟ್ಟು ಹಿಡಿಗೆ ಕಿವಿಯಾನಿಸಿ. ಒಂದೇ ಸಮನೆ ಸುಯ್ಯೆನ್ನುವ ಸದ್ದು ಬಂದರೆ ಸರಿ. ನಡುನಡುವೆ ಗುಟುಕರಿಸಿದರೆ ಎಲ್ಲಿಂದ ಬರುತ್ತಿದೆ ಎಂದು ಪೈಪಿನುದ್ದಕ್ಕೂ ಹುಡುಕಿ.

ಘಟಕ ಓಡುತ್ತಿರುವಾಗ ಶೆಲ್ಲಿನ ಉಷ್ಣತೆಯನ್ನು ಮೇಲಿನಿಂದ ಕೆಳಕ್ಕೆ ಐದಾರು ಕಡೆ ಅಳೆದು ಬರೆದಿಡಿ. ಈಗ ಬೆರಳು ಸುಟ್ಟುಕೊಳ್ಳಬೇಕಿಲ್ಲ, ಇನ್ಫ್ರಾರೆಡ್ ಗನ್ ಇದೆ. ಆದರೆ ಹೊಳೆಯುವ ಸ್ಟೇನ್‌ಲೆಸ್ ಮೇಲೆ ಅದು ತೋರಿಸುವುದು ಸುಳ್ಳು. ಪ್ರತಿ ಜಾಗಕ್ಕೂ ಹೊಳಪಿಲ್ಲದ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಆ ಡಿಸ್ಟಿಲರಿಯಲ್ಲಿ 6 ಇಂಚಿನ ಪೈಪು ನೆಟ್ಟಗೆ ಇಳಿದ ಮೇಲೆ ಅಂಟಿಸಿದ ಆರು ತುಂಡುಗಳಲ್ಲಿ ಐದು ಬಹುತೇಕ ಒಂದೇ ಅಂಕಿ ತೋರಿಸಿದವು. ತಳದ ಒಂದು ಮಾತ್ರ ನಾಲ್ಕು ಡಿಗ್ರಿ ಕಡಿಮೆ.